ಏಳನೇ ಪೆಟ್ಟಿಗೆ

ನೇರಳೆ ದೀಪದ ಕೆಳಗೆ ತೋಟದ ಬಲೆಯಲ್ಲಿ ಸಿಕ್ಕ ನೊಣಗಳು ಒಂದೂ ಬಿಡದೆ ಹೊಳೆದವು. ತಂಗಿ ಚಿಮಟದ ತುದಿಯಿಂದ ಒಂದೊಂದನ್ನೇ ಹೊರಳಿಸಿ ತಲೆಯ ಸಂದಿಯಲ್ಲಿ ಅಂಟಿಕೊಂಡಿದ್ದ ಕಿತ್ತಳೆ ಪುಡಿಯನ್ನು ನೋಡಿದಳು. ನಂಬಿಕೆ ಬಾರದೆ ಮತ್ತೆ ಮೊದಲಿನಿಂದ ಎಣಿಸಿದಳು. ನೂರ ಹದಿನಾರು ನೊಣ. ನೂರ ಹದಿನಾರಕ್ಕೂ ಪುಡಿಯ ಗುರುತು.

"ನೋಡಮ್ಮ, ಎಲ್ಲಾ ನಮ್ಮವೇ," ಎಂದರು ಬೆನ್ನ ಹಿಂದೆ ನಿಂತಿದ್ದ ಮೇಲ್ವಿಚಾರಕರು. "ಕಾಡುನೊಣ ಅಂತ ಒಂದೂ ಇಲ್ಲ."

"ಮತ್ತೆ ಈ ಹುಳ ಯಾರದು ಸಾರ್?"

ಮೇಜಿನ ಮೇಲಿನ ತಟ್ಟೆಯಲ್ಲಿ ಎರಡು ಹೋಳು ಮಾಡಿದ ಸೀಬೆಹಣ್ಣಿತ್ತು. ಸಿಪ್ಪೆಯ ಮೇಲೆ ಸೂಜಿ ಚುಚ್ಚಿದಷ್ಟು ಸಣ್ಣ ಕಪ್ಪು ಚುಕ್ಕೆ ಬಿಟ್ಟರೆ ಹೊರಗಿನಿಂದ ಹಣ್ಣು ಚೆನ್ನಾಗಿಯೇ ಇತ್ತು. ಒಳಗೆ, ತಿರುಳಿನಲ್ಲಿ, ಅಕ್ಕಿಕಾಳಿನಷ್ಟುದ್ದದ ಬಿಳಿ ಹುಳಗಳು ಹೊರಳಾಡುತ್ತಿದ್ದವು.

"ನೊಣ ನಮ್ಮದು, ಹುಳ ತೋಟದವರದು," ಎಂದು ಮೇಲ್ವಿಚಾರಕರು ನಕ್ಕರು. ಆ ತೋಟ ಯಾರದೆಂದು ಆಮೇಲೆ ನೆನಪಾಗಿ ನಗು ನುಂಗಿಕೊಂಡರು. "ಬೇಜಾರು ಮಾಡ್ಕೋಬೇಡಮ್ಮ. ಬಿದ್ದ ಹಣ್ಣು ಎಲ್ಲೋ ಒಂದಷ್ಟು ಉಳಿದುಹೋಗಿರುತ್ತೆ. ನಿಮ್ಮಕ್ಕನಿಗೂ ವಯಸ್ಸಾಯ್ತಲ್ಲ, ಕಣ್ಣಿಗೆ ಬಿದ್ದಿರಲ್ಲ. ನೋಟೀಸು ನೀನೇ ಕೊಟ್ಟುಬಿಡು. ಹೊರಗಿನವರು ಕೊಟ್ರೆ ಮನಸ್ಸಿಗೆ ಹತ್ತುತ್ತೆ."

ಆ ಕಟ್ಟಡಕ್ಕೆ ಉದ್ದನೆಯ ಹೆಸರೊಂದಿತ್ತು. ಸಂಬಳದ ಚೀಟಿಯಲ್ಲಿ ಬಿಟ್ಟರೆ ಅದನ್ನು ಪೂರ್ತಿ ನೋಡಿದವರಿಲ್ಲ. ಸುತ್ತಲಿನ ನಲವತ್ತು ತೋಟದವರ ಬಾಯಲ್ಲಿ ಅದು ನೊಣದ ಆಫೀಸು. ಹಣ್ಣಿನೊಳಗೆ ಮೊಟ್ಟೆ ಇಡುವ ನೊಣವನ್ನು ಇಲ್ಲವಾಗಿಸಲು ಅಲ್ಲಿಂದ ನೊಣವನ್ನೇ ಬಿಡುತ್ತಿದ್ದರು. ದೂರದ ಕೇಂದ್ರವೊಂದರಲ್ಲಿ ಸಾಕಿದ ನೊಣದ ಕೋಶಗಳಿಗೆ ಗುರುತಿನ ಪುಡಿ ಬೆರೆಸಿ, ಕಿರಣ ಹಾಯಿಸಿ, ಪೆಟ್ಟಿಗೆ ತುಂಬಿ ಇಲ್ಲಿಗೆ ಕಳಿಸುವರು. ಕಿರಣ ತಾಗಿದ ಕೋಶದಿಂದ ಹೊರಬಂದ ನೊಣ ಹಾರುತ್ತದೆ, ಜೋಡಿ ಹುಡುಕುತ್ತದೆ, ಕೂಡುತ್ತದೆ. ಮಕ್ಕಳು ಮಾತ್ರ ಆಗುವುದಿಲ್ಲ. ಅಂಥವನ್ನು ವಾರ ವಾರವೂ ಡ್ರೋನಿನಿಂದ ತೋಟದ ಮೇಲೆ ಸುರಿದರೆ, ಅವುಗಳ ಜೊತೆ ಸಂಸಾರ ಹೂಡಿದ ಕಾಡುನೊಣಗಳ ವಂಶವೂ ಅಲ್ಲಿಗೇ ನಿಲ್ಲುತ್ತದೆ. ಅಧಿಕಾರಿಗಳು ಇದನ್ನು ವಿವರಿಸಲು ಎರಡು ತಾಸು ತೆಗೆದುಕೊಂಡ ಸಭೆಯಲ್ಲಿ ಹಿಂದಿನ ಸಾಲಿನ ಯಾರೋ "ಅಂದ್ರೆ ನೊಣಕ್ಕೆ ಆಪರೇಷನ್ ಮಾಡಿಸಿದ್ದೀರಿ ಅನ್ನಿ" ಎಂದಿದ್ದರು. ಅಂದಿನಿಂದ ಅವು ಆಪರೇಷನ್ ನೊಣಗಳೇ.

ಪೆಟ್ಟಿಗೆ ಇಳಿಸಿಕೊಳ್ಳುವುದು, ಕೋಶ ಒಡೆದು ನೊಣ ಹೊರಬರುವ ತನಕ ಕಾಯುವುದು, ಅವನ್ನು ತಂಪಿನಲ್ಲಿ ಮಲಗಿಸಿ ಡ್ರೋನಿನ ಡಬ್ಬಿಗೆ ತುಂಬುವುದು ತಂಗಿಯ ಕೆಲಸ. ಹಾರಿಸುವ ಕೆಲಸ ಪೈಲಟ್‌ನದು. ಎಲ್ಲರೂ ಅವನನ್ನು ಪೈಲಟ್ ಎನ್ನುತ್ತಿದ್ದರು. ವಿಮಾನ ಹಾಗಿರಲಿ, ಏಣಿ ಹತ್ತಿದರೂ ಅವನಿಗೆ ತಲೆ ಸುತ್ತುತ್ತಿತ್ತು.

ತಂಗಿ ನೋಟೀಸನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಅಕ್ಕನಿಗೆ ನೋಟೀಸು ಕೊಡುವುದೆಂದರೆ ಸುಲಭದ ಮಾತಲ್ಲ. ಇಬ್ಬರ ನಡುವೆ ಹತ್ತೊಂಬತ್ತು ವರ್ಷದ ಅಂತರ. ಅಪ್ಪ ಹೋದ ಮೇಲೆ ಇವಳ ಜಡೆ ಹೆಣೆದವಳು, ಶಾಲೆಯ ಪುಸ್ತಕಕ್ಕೆ ರಟ್ಟು ಹಾಕಿದವಳು, ತಪ್ಪು ಮಾಡಿದಾಗ ಕಿವಿ ಹಿಂಡಿದವಳು ಅಕ್ಕನೇ. ತನ್ನ ಮದುವೆಯ ಮಾತು ಬಂದಾಗಲೆಲ್ಲ 'ಇವಳೊಂದು ದಡ ಮುಟ್ಟಲಿ' ಎನ್ನುತ್ತಿದ್ದಳು. ಇವಳು ದಡ ಮುಟ್ಟುವ ಹೊತ್ತಿಗೆ ಅಮ್ಮನಿಗೆ ಮರೆವು ಶುರುವಾಯಿತು. ಒಲೆಯ ಮೇಲೆ ಹಾಲಿಟ್ಟು ಮರೆತಳು, ಮನೆಗೆ ಬರುವ ದಾರಿ ಮರೆತಳು, ಕೊನೆಗೆ ಹೆತ್ತ ಮಕ್ಕಳನ್ನೇ ಮರೆತಳು. ಏಳು ವರ್ಷ ಅಮ್ಮನ ಕೈ ಹಿಡಿದುಕೊಂಡೇ ಅಕ್ಕ ಎಂಬತ್ತನಾಲ್ಕು ಸೀಬೆ ಮರಗಳನ್ನೂ ನೋಡಿಕೊಂಡಿದ್ದಳು.

ನೊಣದ ಯೋಜನೆಗೆ ಅಕ್ಕ ಮೊದಲು ಸುತರಾಂ ಒಪ್ಪಿರಲಿಲ್ಲ.

"ನೊಣ ಓಡಿಸೋಕೆ ನೊಣ ತರ್ತೀಯೇನೇ? ಯಾರಾದ್ರೂ ಕೇಳಿದ್ರೆ ನಕ್ಕಾರು."

"ಮುಳ್ಳನ್ನ ಮುಳ್ಳಿಂದಲೇ ತೆಗೀಬೇಕು ಅಕ್ಕ."

"ಆ ಗಾದೆ ಮಾಡಿದೋನ ಕಾಲಲ್ಲಿ ಎರಡನೇ ಮುಳ್ಳೂ ಮುರಿದು ಉಳಿದಿರಲಿಲ್ಲ ಅನ್ಸುತ್ತೆ."

ಆದರೂ ಒಪ್ಪಿದಳು. ಔಷಧಿ ಹೊಡೆದ ದಿನ ತನಗೆ ಬರುತ್ತಿದ್ದ ಕೆಮ್ಮು ನಿಲ್ಲುತ್ತದೆಂದಲ್ಲ, ತಂಗಿ ಹೇಳುತ್ತಿದ್ದಾಳೆ ಎಂದು. ಒಪ್ಪಿದ ಮೇಲೆ ಅಕ್ಕನ ಶಿಸ್ತು ಉಳಿದ ಮೂವತ್ತೊಂಬತ್ತು ತೋಟದವರಿಗೆ ತಲೆನೋವಾಯಿತು. ಒಳಗಿನ ಹುಳ ನೊಣವಾಗದಂತೆ ಬಿದ್ದ ಹಣ್ಣನ್ನು ಆಯ್ದು ಮುಚ್ಚಳದ ಡ್ರಮ್ಮಿಗೆ ಹಾಕಬೇಕೆಂಬ ನಿಯಮವನ್ನು ಅಕ್ಷರ ಬಿಡದೆ ಪಾಲಿಸಿದವಳು ಅವಳೊಬ್ಬಳೇ. ಬೆಳಿಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು. "ನನ್ನ ತೋಟದಲ್ಲಿ ಬಿದ್ದ ಹಣ್ಣು ನೆಲದ ಮೇಲೆ ಒಂದು ರಾತ್ರಿ ಕಳೆಯೋದಿಲ್ಲ" ಎಂದು ಸಭೆಯಲ್ಲಿ ಎದ್ದು ನಿಂತು ಹೇಳಿದ್ದಳು. ಬೇಲಿಯಾಚೆಯ ತೋಟದವನಿಗಂತೂ, ಅವನ ಮರದಡಿಯ ಹಣ್ಣುಗಳನ್ನು ಬೆರಳು ಮಾಡಿ ತೋರಿಸಿ, ಎಲ್ಲರೆದುರು ಬೈದಿದ್ದಳು.

ಈಗ ಹುಳ ಬಿದ್ದದ್ದು ಅವಳ ತೋಟಕ್ಕೆ.

ಸೋಮವಾರ ಸಂಜೆ ತಂಗಿ ನೋಟೀಸು ಕೊಟ್ಟಾಗ ಅಕ್ಕ ಕನ್ನಡಕ ಹುಡುಕಿ ಹಾಕಿಕೊಂಡು ಎರಡು ಸಲ ಓದಿದಳು. ಗುರುವಾರ ಬೆಳಿಗ್ಗೆ ತೋಟದ ಹಣ್ಣು, ಕಾಯಿ, ಹೀಚು ಎಲ್ಲವನ್ನೂ ಕಿತ್ತು ಗುಂಡಿಯಲ್ಲಿ ಹೂಳಬೇಕು. ಹುಳ ಸಿಕ್ಕಿದ್ದು ಮೂಲೆಯ ನಾಲ್ಕು ಮರಗಳಲ್ಲಿ, ತೋಟದ ನೈರ್ಮಲ್ಯ ಕಾಪಾಡದಿರುವುದೇ ಕಾರಣ.

"ನೈರ್ಮಲ್ಯ," ಎಂದಳು ಅಕ್ಕ. "ನನಗೆ. ಈ ಕಾಗದ ಬರೆದೋನು ಅವನ ಮನೆ ಬಚ್ಚಲು ತೊಳೆದಿದ್ದಾನಂತಾ ಕೇಳು."

ತಂಗಿಗೆ ಹಾಯೆನಿಸಿತು. ಅಕ್ಕ ಕೂಗಾಡಿದರೆ ಏನೂ ಭಯವಿರಲಿಲ್ಲ, ಗುಡುಗಿ ಸುಮ್ಮನಾಗುವವಳು. ಆದರೆ ಅಕ್ಕ ಅಷ್ಟಕ್ಕೇ ನಿಂತಳು. ಕಾಗದವನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯಾಚೆಯ ಮರಗಳ ಕಡೆ ನೋಡುತ್ತ ಕೂತಳು.

"ಮೂಲೆಯ ಆ ನಾಲ್ಕು ಮರ," ಎಂದಳು. "ಅಲ್ಲಿಗೆ ದಿನಾ ಹೋಗಿದ್ದೀನಲ್ಲ?"

"ನೀನು ಹೋಗದೆ ಇನ್ಯಾರು ಹೋಗ್ತಾರೆ ಅಕ್ಕ."

"ಹೋಗಿದ್ದೀನಿ ಅಂತಲೇ ಜ್ಞಾಪಕ," ಎಂದಳು ಅಕ್ಕ. "ಜ್ಞಾಪಕ ಅಂತೂ ಇದೆ."

ತಂಗಿ ಆ ಮಾತನ್ನು ಅಲ್ಲೇ ಹಿಡಿಯಬೇಕಿತ್ತು. ಹಿಡಿಯಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಎದ್ದುಬಂದಳು.

ಮಂಗಳವಾರವೆಲ್ಲ ಅವಳ ತಲೆಯಲ್ಲಿ ಒಂದೇ ಲೆಕ್ಕ ಓಡಿತು. ಬಲೆಗೆ ಬಿದ್ದದ್ದೆಲ್ಲ ಆಫೀಸಿನ ನೊಣ. ಕಾಡುನೊಣ ಒಂದೂ ಇಲ್ಲ. ಹುಳಕ್ಕೊಬ್ಬಳು ತಾಯಿ ಬೇಕಲ್ಲ? ಹುಳವೇನು ಆಕಾಶದಿಂದ ಉದುರುತ್ತದೆಯೇ?

ಬುಧವಾರ ಬೆಳಿಗ್ಗೆ ಉಳಿದವರು ಬರುವ ಮೊದಲೇ ಬಂದು ಸ್ಟಿಕ್ಕರ್ ಪುಸ್ತಕ ತೆಗೆದಳು. ಪ್ರತಿ ಪೆಟ್ಟಿಗೆಯ ಮೇಲೂ ಉಗುರಗಲದ ಒಂದು ಸ್ಟಿಕ್ಕರ್ ಇರುತ್ತಿತ್ತು. ಕಿರಣ ತಾಗುವ ಮುಂಚೆ ಅದರ ಬಣ್ಣ ಹಳದಿ, ತಾಗಿದ ಮೇಲೆ ಕೆಂಪು. ಪೆಟ್ಟಿಗೆ ಬಂದ ಕೂಡಲೇ ಬಾಗಿಲ ಬಳಿಯ ಟ್ಯೂಬ್‌ಲೈಟಿನ ಕೆಳಗೆ ಬಣ್ಣ ನೋಡಿ, ಸ್ಟಿಕ್ಕರ್ ಕಿತ್ತು ಪುಸ್ತಕಕ್ಕೆ ಅಂಟಿಸಿ, ಆಮೇಲೆ ಪೆಟ್ಟಿಗೆಯನ್ನು ಒಳಗೆ ಒಯ್ಯಬೇಕು. ಅಂಟಿಸಿದ ಮೇಲೆ ಆ ಪುಟವನ್ನು ಯಾರೂ ತೆರೆಯುತ್ತಿರಲಿಲ್ಲ. ಮೇಲ್ವಿಚಾರಕರು ತಿಂಗಳಿಗೊಮ್ಮೆ ಪುಟದ ಮೂಲೆಯಷ್ಟನ್ನೇ ಎತ್ತಿ ಸಹಿ ಹಾಕುತ್ತಿದ್ದರು.

ನಾಲ್ಕು ವಾರ ಹಿಂದಿನ ಮಂಗಳವಾರದ ಪುಟದಲ್ಲಿ ಹನ್ನೆರಡು ಸ್ಟಿಕ್ಕರ್ ಇದ್ದವು. ಆರು ಕೆಂಪು. ಏಳನೆಯದು ಹಳದಿ. ಮತ್ತೆ ಐದು ಕೆಂಪು.

ಪುಸ್ತಕವನ್ನು ಕಿಟಕಿಯ ಬಿಸಿಲಿಗೆ ಹಿಡಿದಳು. ಹಳದಿಯೇ.

ಆ ಮಂಗಳವಾರ ನೆನಪಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅಂದು ಅಕ್ಕನ ತೋಟದ ಮೇಲೆ ಮೊದಲ ಹಾರಾಟ. ಡ್ರೋನು ಮೇಲೇರುವಾಗ ತಾನು ಅಕ್ಕನ ಪಕ್ಕದಲ್ಲಿ ನಿಂತಿರಬೇಕೆಂದು ತಂಗಿಗೆ ಆಸೆ. ಒಂಬತ್ತರ ಮೇಲೆ ಗಾಳಿ ಏಳುತ್ತದೆ, ಅಷ್ಟರೊಳಗೆ ಹಾರಿಸಿ ಮುಗಿಸಬೇಕೆಂದು ಪೈಲಟ್ ಹೊರಗೆ ಜೀಪಿನ ಹಾರ್ನ್ ಒತ್ತುತ್ತಿದ್ದ. ಸರಿಯಾಗಿ ಅದೇ ಹೊತ್ತಿಗೆ ಪೆಟ್ಟಿಗೆಯ ವ್ಯಾನು ಬಂದಿತ್ತು. ಅವಳು ಹನ್ನೆರಡು ಪೆಟ್ಟಿಗೆಗಳನ್ನೂ ನೇರವಾಗಿ ಒಳಕೋಣೆಗೆ ಒಯ್ದು, ಅಲ್ಲೇ ಸ್ಟಿಕ್ಕರ್ ಕಿತ್ತು ಅಂಟಿಸಿದ್ದಳು. ಒಳಕೋಣೆಯಲ್ಲಿ ಇದ್ದದ್ದು ಕೆಂಪು ದೀಪ. ನೊಣದ ಕಣ್ಣಿಗೆ ಕೆಂಪು ಕಾಣುವುದಿಲ್ಲ, ಕತ್ತಲೆಂದುಕೊಂಡು ಸುಮ್ಮನಿರುತ್ತದೆ. ಆದರೆ ಕೆಂಪು ದೀಪದಲ್ಲಿ ಮನುಷ್ಯರ ಕಣ್ಣಿಗೆ ಕೆಂಪೂ ಹಳದಿಯೂ ಒಂದೇ. 'ಒಳಗೆ ಮಾತ್ರ ಬಣ್ಣ ನೋಡಬೇಡಿ' ಎಂದು ಹೊಸದಾಗಿ ಸೇರಿದವರಿಗೆಲ್ಲ ಮೊದಲ ದಿನ ಹೇಳಿಕೊಡುತ್ತಿದ್ದವಳು ಅವಳೇ.

ಇಷ್ಟೇ ಆಗಿದ್ದರೆ ಆ ಪೆಟ್ಟಿಗೆ ನಲವತ್ತು ತೋಟಗಳಲ್ಲಿ ಯಾವುದಕ್ಕಾದರೂ ಹೋಗಬಹುದಿತ್ತು. ಅಕ್ಕನ ತೋಟಕ್ಕೇ ಹೋಯಿತೇಕೆ ಎಂಬುದೂ ಅವಳಿಗೆ ಗೊತ್ತಿತ್ತು. ಹಾರಿಸುವ ಮುಂಚೆ ಪ್ರತಿ ಪೆಟ್ಟಿಗೆಯಿಂದ ನೂರು ಕೋಶ ತೆಗೆದು ಕೊಳವೆಯೊಂದರಲ್ಲಿಟ್ಟು, ಎಷ್ಟು ನೊಣ ಮೇಲೆ ಹಾರಿ ಹೊರಬರುತ್ತವೆ ಎಂದು ಪರೀಕ್ಷೆ ಮಾಡುವುದು ವಾಡಿಕೆ. ಕಿರಣ ತಾಗಿದ ನೊಣದ ಕಸುವು ಸ್ವಲ್ಪ ಕುಂದಿರುತ್ತದೆ. ಎಂಬತ್ತು ಹಾರಿದರೆ ಒಳ್ಳೆಯ ಪೆಟ್ಟಿಗೆ. ಏಳನೆಯದರಲ್ಲಿ ತೊಂಬತ್ತಾರು ಹಾರಿದ್ದವು. ಇಷ್ಟು ಚುರುಕಾದ ನೊಣವನ್ನು ಅವಳು ಕಂಡೇ ಇರಲಿಲ್ಲ. ಖುಷಿಯಾಗಿ, ಯಾರೂ ನೋಡದಾಗ, ಆ ಪೆಟ್ಟಿಗೆಯ ಮೇಲೆ ಸೀಮೆಸುಣ್ಣದಿಂದ 'ಅಕ್ಕ' ಎಂದು ಬರೆದು ಮುಂದಿನ ವಾರದ ಹಾರಾಟಕ್ಕೆ ಬೇರೆ ಇಟ್ಟಿದ್ದಳು. ಒಳ್ಳೆಯದು ಇದ್ದರೆ ಅಕ್ಕನಿಗೆ ಇರಲಿ ಎಂದು. ಚಿಕ್ಕಂದಿನಿಂದ ಅಕ್ಕ ಇವಳಿಗೆ ಮಾಡಿದ್ದೂ ಅದನ್ನೇ ತಾನೇ?

ಹುಳ ಆಕಾಶದಿಂದಲೇ ಉದುರಿತ್ತು. ಉದುರಿಸಿದವಳು ಇವಳು.

ಮೇಲ್ವಿಚಾರಕರು ಪುಸ್ತಕ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ಬಾಗಿಲು ಹಾಕಮ್ಮ," ಎಂದರು.

ಅವರು ಕೆಟ್ಟವರಲ್ಲ. ಇಪ್ಪತ್ತು ವರ್ಷ ತೋಟ ತೋಟ ಸುತ್ತಿ, ಔಷಧಿ ಹೊಡೆದು ಚರ್ಮ ಸುಲಿದ ಕೈಗಳನ್ನು ಕಂಡವರು. ಈ ಯೋಜನೆ ತಂದವರೂ ಅವರೇ.

"ತಪ್ಪು ಮೊದಲು ಆಗಿದ್ದು ಅಲ್ಲಿ, ಕಿರಣದ ಕೇಂದ್ರದಲ್ಲಿ. ಒಂದು ಪೆಟ್ಟಿಗೆ ಕಿರಣ ಕಾಣದೆ ಬಂದಿದೆ," ಎಂದರು. "ನೀನು ಹಿಡೀಬೇಕಿತ್ತು, ಹಿಡೀಲಿಲ್ಲ. ಆಯ್ತು. ಆದ್ರೆ ಇದು ಈಗ ಹೊರಗೆ ಹೋಯ್ತು ಅಂದ್ರೆ ಏನಾಗುತ್ತೆ ಹೇಳು? ಬೇಲಿನೇ ಎದ್ದು ಹೊಲ ಮೇಯ್ತು ಅಂತಾರೆ. ನಾಳೆಯಿಂದ ನಲವತ್ತು ತೋಟದಲ್ಲೂ ಮತ್ತೆ ಔಷಧಿ. ಕೊಯ್ಲು ಮುಗಿಯೋಕೆ ಇನ್ನೊಂದು ತಿಂಗಳು. ಅಲ್ಲೀವರೆಗೆ ತಡಿ. ಆಮೇಲೆ ನಾನೇ ಬರೀತೀನಿ, ನನ್ನ ಹೆಸರಲ್ಲೇ."

"ಅಕ್ಕನ ಹಣ್ಣು ನಾಳೆ ಹೂಳ್ತಾರೆ ಸಾರ್."

"ಹೇಗೂ ಹೂಳಲೇಬೇಕಲ್ಲಮ್ಮ. ಹುಳ ಯಾರದಾದ್ರೇನು, ಹುಳ ಹುಳವೇ."

ಮಾತು ನಿಜವಿತ್ತು, ಅದೇ ಅದರ ತೊಂದರೆ. ತಂಗಿ ಸುಮ್ಮನಾದಳು. ನಲವತ್ತು ತೋಟದ ಚಿಂತೆಯಿಂದ ಸುಮ್ಮನಾದಳು ಎಂದರೆ ಸುಳ್ಳಲ್ಲ. ಕೆಲಸ ಹೋದೀತೆಂಬ ಭಯ ಆ ಚಿಂತೆಗಿಂತ ದೊಡ್ಡದಾಗಿತ್ತು ಎಂದರೆ ಅದೂ ಸುಳ್ಳಲ್ಲ. ಇವೆರಡಕ್ಕಿಂತ ದೊಡ್ಡದು ಇನ್ನೊಂದಿತ್ತು: 'ನೀನು ಹೇಳ್ತಿದ್ದೀಯ ಅಂತ ಒಪ್ಪಿದೆ' ಎಂದಿದ್ದ ಅಕ್ಕನ ಮುಖವನ್ನು ನೋಡುತ್ತ ಇದನ್ನು ಹೇಳಬೇಕಿತ್ತು. ಹಣ್ಣು ಹೋದರೆ ಮುಂದಿನ ವರ್ಷ ಬರುತ್ತದೆ, ಬೈಗುಳವನ್ನು ಅಕ್ಕ ತಡೆದುಕೊಳ್ಳುತ್ತಾಳೆ, ಅವಳದು ಗಟ್ಟಿ ಜೀವ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಅಕ್ಕನಿಂದ ಬೇರೊಂದು ಹೋಗುತ್ತಿದೆ ಎಂಬುದು ಅವಳ ತಲೆಗೆ ಹೊಳೆಯಲಿಲ್ಲ.

ಗುರುವಾರ ತೋಟದ ಮೂಲೆಯಲ್ಲಿ ಆಳುದ್ದದ ಗುಂಡಿ ತೆಗೆದಿದ್ದರು. ನಲವತ್ತು ತೋಟದವರಲ್ಲಿ ಬಹಳ ಜನ ಬಂದಿದ್ದರು. ಕೆಲವರು ಕೈಜೋಡಿಸಲು, ಕೆಲವರು ನೋಡಲು. ಬುಟ್ಟಿ ಬುಟ್ಟಿ ಹಣ್ಣು ಬಂದು ಬಿತ್ತು. ಹಣ್ಣಿನ ಹಿಂದೆ ಕಾಯಿ, ಕಾಯಿಯ ಹಿಂದೆ ಗೋಲಿಯಷ್ಟಿದ್ದ ಹೀಚು. ತೋಟದ ತುಂಬ ಮಾಗಿದ ಸೀಬೆಯ ವಾಸನೆ ಎಷ್ಟು ಗಾಢವಾಗಿತ್ತೆಂದರೆ ಆಳುಗಳು ಮೂಗಿಗೆ ಬಟ್ಟೆ ಕಟ್ಟಿಕೊಂಡರು. ತಂಗಿ ಆಫೀಸಿನ ಅಂಗಿ ಹಾಕಿಕೊಂಡು, ಕೈಯಲ್ಲಿ ರಟ್ಟು ಹಿಡಿದು, ಎಷ್ಟು ಬುಟ್ಟಿ ಎಂದು ಗೀಟು ಹಾಕುತ್ತ ನಿಂತಿದ್ದಳು. ಪೈಲಟ್ ಅವಳ ಪಕ್ಕ ಬಂದು, "ನಾನು ಸುರಿದಿದ್ದು ಸರಿಯಾಗೇ ಸುರಿದಿದ್ದೆ ಅಲ್ವಾ? ಒಂದು ಮರಾನೂ ಬಿಟ್ಟಿಲ್ಲ," ಎಂದ. "ಸರಿಯಾಗೇ ಸುರಿದೆ," ಎಂದಳು ತಂಗಿ.

ಬೇಲಿಯಾಚೆಯವನು ಗುಂಡಿಯ ಅಂಚಿನಲ್ಲಿ ನಿಂತು, ಯಾರಿಗೂ ಹೇಳದವನಂತೆ, ಎಲ್ಲರಿಗೂ ಕೇಳುವಂತೆ ಹೇಳಿದ: "ಬೇರೆಯವರ ತೋಟದ ಹಣ್ಣು ಎಣಿಸೋರು ಮೊದಲು ತಮ್ಮದು ಎಣಿಸ್ಕೋಬೇಕು."

ಎಲ್ಲರೂ ಅಕ್ಕನ ಕಡೆ ನೋಡಿದರು. ಈಗ ಬಾಯಿ ಬಿಡುತ್ತಾಳೆ, ಇವನ ಗ್ರಹಚಾರ ಬಿಡಿಸುತ್ತಾಳೆ ಎಂದು ತಂಗಿ ಕಾದಳು. ಅಕ್ಕ ಕೈಯಲ್ಲಿದ್ದ ಬುಟ್ಟಿ ಕೆಳಗಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡಳು.

"ಅವರು ಹೇಳಿದ್ದು ಸರಿ," ಎಂದಳು. "ನಾನು ಎಲ್ಲೋ ಬಿಟ್ಟಿದ್ದೀನಿ. ಬಿಟ್ಟಿಲ್ಲ ಅಂತಲೇ ಅನ್ಸುತ್ತೆ, ಆದ್ರೆ ಬಿಟ್ಟಿರಬೇಕು. ಇಲ್ಲದಿದ್ರೆ ಹುಳ ಎಲ್ಲಿಂದ ಬರುತ್ತೆ? ನನ್ನಿಂದ ನಿಮ್ಮೆಲ್ಲರ ತೋಟಕ್ಕೂ ಭಯ ಆಯ್ತು. ತಪ್ಪಾಯ್ತು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯಿದೆ. ಅಂದು ಕದ್ದವಳು ರಟ್ಟು ಹಿಡಿದು ನೆಟ್ಟಗೆ ನಿಂತಿದ್ದಳು. ಕದಿಯದವಳು ಹೆಗಲು ಮುಟ್ಟಿ ನೋಡಿಕೊಂಡಳು. ತಂಗಿಯ ನಾಲಿಗೆಯ ತುದಿಗೆ ಮಾತು ಬಂದಿತ್ತು. ಒಂದೇ ಒಂದು ಹೆಜ್ಜೆ ಮುಂದಿಟ್ಟಿದ್ದರೆ ಸಾಕಿತ್ತು. ಮೇಲ್ವಿಚಾರಕರು ಅವಳ ಕಡೆ ನೋಡದೆ, ಸುಣ್ಣದ ಪುಡಿ ಹಾಕಿ ಎಂದು ಆಳುಗಳಿಗೆ ಹೇಳಿದರು. ತಂಗಿ ಹೆಜ್ಜೆ ಇಡಲಿಲ್ಲ.

ಶುಕ್ರವಾರ ಅವಳಿಗೆ ಊಟ ಸೇರಲಿಲ್ಲ. ಶನಿವಾರ ಮಧ್ಯಾಹ್ನ ಮನೆಯ ಮೇಜಿನ ಮುಂದೆ ಕೂತು ಎಲ್ಲವನ್ನೂ ಬರೆದಳು: ಕೆಂಪು ದೀಪ, ಹಳದಿ ಸ್ಟಿಕ್ಕರ್, ಏಳನೇ ಪೆಟ್ಟಿಗೆ, ಸೀಮೆಸುಣ್ಣದ ಅಕ್ಷರ. ಕೆಳಗೆ ಸಹಿ ಹಾಕಿದಳು. ಸೋಮವಾರ ದೊಡ್ಡ ಆಫೀಸಿಗೆ ಕೊಡುವುದು, ಅದಕ್ಕೂ ಮುಂಚೆ ಅಕ್ಕನಿಗೆ ತೋರಿಸುವುದು ಎಂದು ಗಟ್ಟಿ ಮಾಡಿಕೊಂಡಳು. ಮೇಲ್ವಿಚಾರಕರಿಗೆ ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ಅವಳು ಹೋದಾಗ ಅಕ್ಕನ ತೋಟದಲ್ಲಿ ಬೇಲಿಯಾಚೆಯವನ ಆಳುಗಳು ಕೊಂಬೆ ಸವರುತ್ತಿದ್ದರು. ಅವನೂ ಅಲ್ಲಿದ್ದ. ಇವಳನ್ನು ಕಂಡು ತಲೆಬಾಗಿಸಿ ನಕ್ಕ. ಗುರುವಾರ ಅವನ ಮುಖದಲ್ಲಿದ್ದ ಕುಹಕ ಈಗ ಇರಲಿಲ್ಲ, ಒಂದು ಬಗೆಯ ಮರುಕವಿತ್ತು. ತಂಗಿಗೆ ಅದು ಇನ್ನೂ ಕೆಡುಕೆನಿಸಿತು.

ಅಡುಗೆಮನೆಯಲ್ಲಿ ಅಕ್ಕ ಪಾತ್ರೆ ತೊಳೆಯುತ್ತಿದ್ದಳು. "ಬಂದ್ಯಾ? ಕೂತ್ಕೋ, ಟೀ ಮಾಡ್ತೀನಿ."

"ಅವರ ಆಳುಗಳು ಯಾಕೆ ಬಂದಿದ್ದಾರೆ ಅಕ್ಕ?"

"ಗುತ್ತಿಗೆಗೆ ಕೊಟ್ಟೆ. ಹತ್ತು ವರ್ಷಕ್ಕೆ. ನಿನ್ನೆ ಕಾಗದ ಆಯ್ತು." ಅಕ್ಕ ಕೈ ಒರೆಸಿಕೊಂಡಳು. "ನಾನೇ ಹೋಗಿ ಕೇಳಿದ್ದು. ಅವನೇನು ಬಲವಂತ ಮಾಡ್ಲಿಲ್ಲ, ಪಾಪ."

ತಂಗಿ ಕೂರಲು ಹೋದವಳು ನಿಂತೇ ಇದ್ದಳು. ಆಗ ಅವಳಿಗೆ ಡಬ್ಬಿಗಳು ಕಂಡವು. ಶೆಲ್ಫಿನ ಮೇಲಿನ ಒಂದೊಂದು ಡಬ್ಬಿಗೂ ಒಂದೊಂದು ಬಿಳಿ ಚೀಟಿ. ಅದರ ಮೇಲೆ ಅಕ್ಕನ ದುಂಡು ಅಕ್ಷರ. ಉಪ್ಪು. ಸಕ್ಕರೆ. ಟೀ ಪುಡಿ. ಹಿತ್ತಿಲ ಬಾಗಿಲಿನ ಮೇಲೆ 'ಚಿಲಕ'. ಸ್ವಿಚ್ಚಿನ ಪಕ್ಕದಲ್ಲಿ 'ಪಂಪು ನಿಲ್ಲಿಸು'. ಮಾತ್ರೆಯ ಡಬ್ಬಿಯ ಮೇಲೆ 'ಬೆಳಿಗ್ಗೆ ಒಂದೇ'. ಒಲೆಯ ಹಿಂದಿನ ಗೋಡೆಯ ಮೇಲೆ, ಉಳಿದವುಗಳಿಗಿಂತ ದೊಡ್ಡ ಚೀಟಿಯಲ್ಲಿ: 'ಆರಿಸಿದೆಯಾ?'

"ಇದೆಲ್ಲ ಏನು ಅಕ್ಕ?"

"ಈಗಲೇ ರೂಢಿ ಮಾಡ್ಕೊಂಡ್ರೆ ಆಮೇಲೆ ಸುಲಭ ಅಂತ," ಎಂದಳು ಅಕ್ಕ, ಟೀಗೆ ನೀರಿಟ್ಟು ಒಲೆ ಹೊತ್ತಿಸುತ್ತ. ದನಿ ಮಾಮೂಲಿನಂತೆಯೇ ಇತ್ತು. "ಅಮ್ಮನಿಗೆ ಶುರುವಾದಾಗ ಐವತ್ತೊಂಬತ್ತು. ನನಗೆ ಎರಡು ವರ್ಷ ಮುಂಚೆ ಬಂದಿದೆ, ಅಷ್ಟೇ. ಅವಳೂ ಹೀಗೇ ಅಲ್ವಾ, 'ಒಲೆ ಆರ್ಸಿದ್ದೀನಿ, ನನಗೆ ಚೆನ್ನಾಗಿ ಜ್ಞಾಪಕ ಇದೆ' ಅಂತಿದ್ಲು. ಹಾಲು ಸೀದು ಕರಕಲಾಗ್ತಿತ್ತು. ನಾನೂ ಮೂಲೆ ಮರದಡಿ ದಿನಾ ಹಣ್ಣು ಆಯ್ದಿದ್ದೀನಿ ಅಂತ ಚೆನ್ನಾಗಿ ಜ್ಞಾಪಕ ಇದೆ. ಅಷ್ಟು ಚೆನ್ನಾಗಿ ಇದೆಯಲ್ಲ, ಅದಕ್ಕೇ ಹೆದರಿಕೆ ಆಗಿದ್ದು."

ತಂಗಿ ಚೀಲದಿಂದ ಕಾಗದ ತೆಗೆದು ಕೊಟ್ಟಳು.

ಅಕ್ಕ ಟೀ ಇಳಿಸಿ ಒಲೆ ಆರಿಸಿದಳು. ಗೋಡೆಯ ಚೀಟಿ ನೋಡಿದಳು. ಒಲೆಯ ಗುಬುಟು ತಿರುಗಿದೆಯೇ ಎಂದು ಮುಟ್ಟಿ ನೋಡಿದಳು. ಆಮೇಲೆ ಕೂತು ಓದಿದಳು. ನಿಧಾನವಾಗಿ ಓದುತ್ತ ಒಂದು ಕಡೆ ನಿಂತು, ಹಿಂದಿನ ಸಾಲಿಗೆ ಹೋಗಿ ಮತ್ತೆ ಓದಿದಳು.

"ಸೀಮೆಸುಣ್ಣದಲ್ಲಿ ನನ್ನ ಹೆಸರು ಬರೆದಿದ್ದೆಯಾ?"

"ಹೂಂ. ಅದೇ ಎಲ್ಲಕ್ಕಿಂತ ಚುರುಕಾಗಿತ್ತು ಅಂತ."

"ಹಾಗಾದ್ರೆ ನಾನು ಬಿಟ್ಟಿರಲಿಲ್ಲ," ಎಂದಳು ಅಕ್ಕ. "ಎಲ್ಲಾ ಆಯ್ದಿದ್ದೆ."

"ಎಲ್ಲಾ ಆಯ್ದಿದ್ದೆ ಅಕ್ಕ. ಒಂದೂ ಬಿಟ್ಟಿರಲಿಲ್ಲ."

ಅಕ್ಕನ ಮುಖದಲ್ಲಿ ಒಂದು ಬೆಳಕು ಸುಳಿದುಹೋಯಿತು. ತಂಗಿ ಅದನ್ನು ಕಂಡಳು. ಕಂಡು, ಇನ್ನು ಎಲ್ಲ ಸರಿಹೋದೀತು ಎಂದು ಒಂದು ಕ್ಷಣ ನಂಬಿದಳು.

"ಇದು ನಿನಗೆ ಯಾವಾಗ ಗೊತ್ತಾಯ್ತು?"

"ಬುಧವಾರ."

ಅಕ್ಕ ಕಾಗದವನ್ನು ಮಡಿಲಲ್ಲಿಟ್ಟುಕೊಂಡು ಬೆರಳು ಮಡಿಸಿದಳು. ಗುರುವಾರ. ಶುಕ್ರವಾರ. ಶನಿವಾರ. ಮೂರು ಬೆರಳು ಮಡಿಸಿ, ಮತ್ತೆ ಮೊದಲನೆಯದಕ್ಕೆ ಬಂದಳು.

"ಗುರುವಾರ ನೀನು ಅಲ್ಲೇ ನಿಂತಿದ್ದೆಯಲ್ಲ."

"ನಿಂತಿದ್ದೆ."

ಹೊರಗೆ ಆಳುಗಳ ಕತ್ತರಿಯ ಸದ್ದು ಕೇಳುತ್ತಿತ್ತು. ಅಕ್ಕ ಬೈಯಲಿಲ್ಲ. ಕಿವಿ ಹಿಂಡಬೇಕಿತ್ತು, ಕೈಯೆತ್ತಬೇಕಿತ್ತು, ಮನೆಯಿಂದ ಹೊರಗೆ ಹೋಗೆನ್ನಬೇಕಿತ್ತು. ತಂಗಿ ಅವೆಲ್ಲಕ್ಕೂ ತಯಾರಾಗಿ ಬಂದಿದ್ದಳು. ಈ ಸುಮ್ಮನಿರುವಿಕೆಗೆ ತಯಾರಿರಲಿಲ್ಲ.

"ಈಗಲೇ ಅವರ ಹತ್ತಿರ ಹೋಗೋಣ," ಎಂದಳು. ಅಳು ಬರುತ್ತಿತ್ತು. "ನಾನೇ ಹೇಳ್ತೀನಿ. ಈ ಕಾಗದ ತೋರಿಸ್ತೀನಿ. ಗುತ್ತಿಗೆ ಬೇಡ ಅನ್ನೋಣ."

"ಏನಂತ ಹೇಳೋದು? ನನಗೆ ಮರೆವು ಬಂದಿದೆ, ತೋಟ ನೋಡ್ಕೊಳ್ಳೋಕಾಗಲ್ಲ ಅಂತ ನನ್ನ ಬಾಯಿಂದ ನಾನೇ ಹೇಳಿ ಕೊಟ್ಟಿದ್ದೀನಿ. ಇವತ್ತು ಹೋಗಿ ಮರೆವಿಲ್ಲ, ವಾಪಸ್ ಕೊಡಿ ಅಂದ್ರೆ, ಪಾಪ, ಕೊಟ್ಟಿದ್ದನ್ನೇ ಮರೆತುಬಿಟ್ಟಿದ್ದಾಳೆ ಅಂತಾರೆ." ಅಕ್ಕ ತನ್ನ ಮಾತಿಗೆ ತಾನೇ ಸಣ್ಣಗೆ ನಕ್ಕಳು. ತಂಗಿಗೆ ನಗಲಾಗಲಿಲ್ಲ.

"ನಾಳೆ ಆಫೀಸಿಗೆ ಇದನ್ನ ಕೊಡ್ತೀಯಾ?"

"ಕೊಡ್ತೀನಿ."

"ಕೆಲಸ ಹೋದ್ರೆ?"

"ಹೋಗಲಿ."

"ಹೂಂ," ಎಂದು ಅಕ್ಕ ಕಾಗದವನ್ನು ಮಡಿಸಿ ಹಿಂದಕ್ಕೆ ಕೊಟ್ಟಳು. "ಕೊಡು. ಕೊಡ್ಲೇಬೇಕು. ಟೀ ಆರಿಹೋಗಿರುತ್ತೆ, ಬೇಕಾದ್ರೆ ಬಿಸಿ ಮಾಡ್ಕೋ."

ಎದ್ದು ಶೆಲ್ಫಿನ ಬಳಿಗೆ ಹೋದಳು. ಉಪ್ಪಿನ ಡಬ್ಬಿಯ ಚೀಟಿಗೆ ಉಗುರು ಹಾಕಿ ಕಿತ್ತಳು. ಸಕ್ಕರೆಯದು ಕಿತ್ತಳು, ಟೀ ಪುಡಿಯದು ಕಿತ್ತಳು. ಕಿತ್ತದ್ದನ್ನೆಲ್ಲ ಅಂಗೈಯಲ್ಲಿ ಉಂಡೆ ಮಾಡುತ್ತ ಹಿತ್ತಿಲ ಬಾಗಿಲಿಗೆ ಹೋದಳು, ಸ್ವಿಚ್ಚಿನ ಬಳಿಗೆ ಬಂದಳು, ಮಾತ್ರೆಯ ಡಬ್ಬಿಯನ್ನು ಕೈಗೆತ್ತಿಕೊಂಡಳು. ತಂಗಿ ಸಹಾಯಕ್ಕೆಂದು ಮುಂದೆ ಬಂದಾಗ ತಲೆಯಾಡಿಸಿ ಬೇಡವೆಂದಳು.

ಕೊನೆಗೆ ಒಲೆಯ ಮುಂದೆ ನಿಂತಳು. ಗೋಡೆಯ ಆ ದೊಡ್ಡ ಚೀಟಿಯ ಒಂದು ಮೂಲೆ ಹಬೆಗೆ ಎದ್ದುಕೊಂಡಿತ್ತು. ಅಕ್ಕ ಆ ಮೂಲೆಗೆ ಉಗುರು ಹಾಕಿದಳು. ಹಾಗೆಯೇ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಎದ್ದಿದ್ದ ಮೂಲೆಯನ್ನು ಹೆಬ್ಬೆರಳಿನಿಂದ ಗೋಡೆಗೆ ಒತ್ತಿದಳು. ಅಂಟಿತೇ ಎಂದು ನೋಡಿ, ಇನ್ನೊಮ್ಮೆ ಒತ್ತಿದಳು.